ಮೂರು ಎತ್ತು

ನಮಗೆ ಹೊಲವಿಲ್ಲ.
ಎತ್ತು ಎಷ್ಟು ಎಂದು ಬರೆದುಕೊಳ್ಳಲು ಬಂದವನಿಗೆ
ಅವ್ವ ನಕ್ಕು ಒಳಗೆ ಕೈ ತೋರಿಸಿದಳು:
ಒಂದು ಕುಣಿಮಗ್ಗ, ಕುಣಿಯಲ್ಲಿ ಸೊಂಟದ ತನಕ ಅಪ್ಪ,
ರಾಟಿಯ ಮುಂದೆ ನಾನು.
ಆಮೇಲೆ ನನಗೆ ಸಿಕ್ಕವು, ಪಂದ್ಯಕ್ಕೆ ಮೂರರಂತೆ,
ಮೇಯುವುದು ನನ್ನನ್ನೇ.

ಗುಳೇದಗುಡ್ಡದಲ್ಲಿ ಕಾಲು ಬಾರದವರಿಗೆ ಮಗ್ಗವಿಲ್ಲ.
ಕಾಲು ತುಳಿದಾಗ ಬಾಯಿ ಬಿಡುವ ಹಾಸಿನಲ್ಲಿ
ಲಾಳಿ ಓಡಬೇಕು, ಆಗ ಖಣ.
ನನಗೆ ಕಂಡಿಕೆ ಸುತ್ತುವ ಕೆಲಸ.
ಉಳಿದಂತೆ ಕೈಯೂರಿ ಕೈಯೂರಿ
ಹೊಸ್ತಿಲು ದಾಟಿ, ಕಟ್ಟೆ ಏರಿ, ಬಚ್ಚಲಿಗೆ ಹೋಗಿ ಬಂದು
ಹನ್ನೆರಡು ವರ್ಷದಲ್ಲಿ ತೋಳು ತಾನೇ ಬೆಳೆದಿತ್ತು
ಯಾರನ್ನೂ ಕೇಳದೆ.
ನವನಗರದಲ್ಲಿ 'ಶೇಕಡಾ ಎಪ್ಪತ್ತು' ಎಂದು ಬರೆದ ಡಾಕ್ಟರು
ಕಾಲನ್ನಷ್ಟೇ ನೋಡಿದ್ದರು.

ಮಕ್ತುಮಸಾಬ್ ವಸ್ತಾದರು ತೋಳು ನೋಡಿದರು.
ಗರಡಿಯ ಕೆಂಪು ಮಣ್ಣಿಗೆ ಹೆಣ್ಣು ಇಳಿಯುವಂತಿಲ್ಲ.
"ನೀ ಇಳೀಬ್ಯಾಡವಾ, ಕಬ್ಬಿಣನ ಹೊರಗ ಬರ್ತೈತಿ."
ಬೇವಿನ ಬುಡಕ್ಕೆ ಬೆಂಚು ಬಂತು,
ಹಳೇ ಟ್ರೇಲರಿನ ತಗಡಿಗೆ ಪರಪ್ಪ ಬಡಿಗೇರ ಬೆಸುಗೆ ಹಾಕಿದ್ದು.
ಮಲಗಿದರೆ ಇನ್ನೂ ಕಬ್ಬಿನ ವಾಸನೆ.

ಅವರು ಕಲಿಸಿದ್ದು ಎತ್ತುವುದನ್ನಲ್ಲ.
ಇಳಿಸು. ಎದೆಯ ಮೇಲೆ ನಿಲ್ಲಿಸು.
ನಿಂತಿತೆಂದು ಯಾರೂ ಹೇಳುವುದಿಲ್ಲ, ನೀನೇ ತಿಳಿಯಬೇಕು.
ಅತ್ತ ಹೋದ ಲಾಳಿ ಇತ್ತ ಬರುವ ಮುಂಚೆ
ಮಗ್ಗ ಒಂದು ಗಳಿಗೆ ಸುಮ್ಮನಾಗುತ್ತದಲ್ಲ,
ಅಷ್ಟು.

ದಾವಣಗೆರೆ, ನಾಗಪುರ, ಮತ್ತೊಮ್ಮೆ ನಾಗಪುರ.
ಕ್ಯಾಲಿಪರ್ ಬಿಚ್ಚಿಸಿ, ಕೂರಿಸಿ ತೂಗುತ್ತಾರೆ:
ನಲವತ್ತೈದರ ಒಳಗಿರಬೇಕು.
ಹಿಂದಿನ ರಾತ್ರಿ ರೊಟ್ಟಿ ಇಲ್ಲ, ನೀರೂ ಇಲ್ಲ.
ರೈಲಿನಲ್ಲಿ ಎದುರು ಕೂತವಳು ಶೇಂಗಾ ಹೋಳಿಗೆ ಬಿಚ್ಚಿದಾಗ
ನಾನು ಕಿಟಕಿಯಾಚೆಯ ಕಂಬ ಎಣಿಸಿದೆ.
ಬಾಳವ್ವ ಉಂಕಿ ಎಂಬ ಹೆಸರನ್ನು ಮೈಕಿನವನು
'ಬಲವಾ ಅಂಕಿ' ಎಂದು ಓದಿದ.
ತಿದ್ದಲಿಲ್ಲ. ಅಲ್ಲಿ ಇದ್ದದ್ದೇ ಅವೆರಡು.
ಎಪ್ಪತ್ತೆರಡಕ್ಕೆ ಕಂಚು. ಎಂಬತ್ತೊಂದಕ್ಕೆ ಬೆಳ್ಳಿ.
ಊರಲ್ಲಿ ಒಂದು ಗೋಡೆ ಗಡಿಯಾರ, ಒಂದು ಶಾಲು.
ಶಾಲಿನ ಅಂಚು ತಿರುವಿ ನೋಡಿ ಅಪ್ಪ ಅಂದ:
"ಮಶೀನಿಂದು."

ಬೆಳಗಾವಿಯಲ್ಲಿ ಎಡಭುಜ ಮಾತು ಕೇಳಲಿಲ್ಲ.
ಮೊದಲನೆಯದು ಕೆಂಪು ದೀಪ.
ಎರಡನೆಯದೂ: ಬಲಗೈ ಮೊದಲು ಏರಿತಂತೆ, ಎಡಗೈ ಆಮೇಲೆ.
ತೂಕ ಇಳಿಸಲು ನಿಯಮವಿಲ್ಲ.
ಪಟ್ಟಿ ಕಟ್ಟುವ ಹುಡುಗನಿಗೆ ನನ್ನ ಕಾಲು ಮುಟ್ಟಲು ಸಂಕೋಚ.
"ಬಿಗಿ ತಮ್ಮಾ, ಓಡಿ ಹೋಗೂದಿಲ್ಲ ಅವು."
ಬಾರು ಎದೆಗೆ ಬಂತು. ನಿಂತಿತು.
ನಿಂತೇ ಇತ್ತು.
ಎರಡೂ ಕಡೆಯವರು ಬಂದು ಎತ್ತಿಕೊಂಡರು
ಕೂಸನ್ನು ಎತ್ತಿಕೊಂಡಂತೆ, ನನ್ನಿಂದ.

ಈಗ ಪುರಸಭೆಯಲ್ಲಿ ನಳದ ಬಿಲ್ಲು ಬರೆಯುತ್ತೇನೆ.
ಮೊನ್ನೆ ಸಂಜೆ, ಕರೆಂಟು ಹೋದ ಹೊತ್ತು,
ಅಪ್ಪ ಕುಣಿಯೊಳಗಿಂದ ಕರೆದ. ಮೊಣಕಾಲು ಹಿಡಿದಿವೆ, ಏಳಲಾಗದು.
ಅಂಚಿಗೆ ಬೋರಲಾಗಿ ಮಲಗಿ ಅವನ ಕಂಕುಳಿಗೆ ಕೈ ಹಾಕಿದೆ.
ಮೊದಲ ಸಲ ಅಂಗಿ ಮಾತ್ರ ಬಂತು.
ಎರಡನೆಯ ಸಲ ಕಚಗುಳಿಯಾಗಿ ನಕ್ಕುಬಿಟ್ಟ.
ಆಮೇಲೆ, ನಲವತ್ತೇಳು ಕಿಲೊ, ಬಹಳವೆಂದರೆ ನಲವತ್ತೆಂಟು,
ಎಡಗೈ ತಡವಾಗಿಯೇ,
ನೆಲಕ್ಕೆ ಬಂದು ಕೂತಿತು.

ಕತ್ತಲಲ್ಲಿ ಇಬ್ಬರೂ ತೇಕುತ್ತಿದ್ದೆವು.
"ಲಾಳಿ ಒಳಗ ಉಳೀತು ನೋಡು," ಅಂದ.