ಜರಡಿಯ ಕಣ್ಣು

ಫಿನ್‌ಲೆಂಡಿನಿಂದ ಕಾಫಿ ಕೊಳ್ಳಲು ಬಂದವನು
ಮೂರು ದಿನ ಚಿಕ್ಕಮಗಳೂರಿನ ನಮ್ಮ ಕ್ಯೂರಿಂಗಿನಲ್ಲಿ ಕೂತು
ಚಮಚದಿಂದ ಸೊರ್ರೆಂದು ಹೀರಿ, ಉಗುಳಿ, ಬರೆದುಕೊಂಡು
ಹೋಗುವಾಗ ಮರೆತದ್ದು ಒಂದು ಹಾಳೆ:
ಐಸಿನ ಮೇಲೆ ಹಾಕಿ ಆಡುವ
ಹದಿನೇಳರ ಹುಡುಗರ ಪಟ್ಟಿ.
ಹೆಸರು, ಎತ್ತರ, ತೂಕ, ಹುಟ್ಟಿದ ತಾರೀಖು, ಹೊಡೆದ ಗೋಲು.
ಎಡಗಡೆ ಪೆನ್ಸಿಲಿನಲ್ಲಿ ಅವನೇ ಬರೆದು
ಅಳಿಸಿ ಮತ್ತೆ ಬರೆದ ನಂಬರು.

ಕಡಲಾಚೆಯ ದುಡ್ಡಿನ ತಂಡಗಳು
ವರ್ಷಕ್ಕೊಮ್ಮೆ ಸರದಿಯಲ್ಲಿ ನಿಂತು ಆರಿಸುತ್ತವಂತೆ.
ಅಲ್ಲಿಯ ಹುಡುಗರದು ಒಂದು ಪಟ್ಟಿ, ಹೊರಗಿನವರದು ಇನ್ನೊಂದು.

"ಹಂಗೇ ಇರಬೇಕು," ಅಂದ ಗ್ರೇಡರ್ ಲೋಬೊ.
"ಅರೇಬಿಕಾ ರೊಬಸ್ಟ ಒಂದೇ ಚೀಲಕ್ಕೆ ಸುರೀತೀವಾ?"
"ಕೊಳ್ಳೋನು ಒಬ್ಬನೇ ಅಲ್ವಾ ಮಾರಾಯ," ಅಂದ
ರುಚಿ ನೋಡುವ ಹಮೀದಬ್ಬ. "ಪಟ್ಟೀನೂ ಒಂದೇ ಇರ್ಲಿ."

ನಾವು ಯಾರೂ ಐಸು ಕಂಡವರಲ್ಲ,
ಮಾರ್ಕೆಟ್ಟಿನಲ್ಲಿ ಬೂತಾಯಿ ಬುಟ್ಟಿಯ ಮೇಲೆ ಕಂಡದ್ದು ಬಿಟ್ಟರೆ.
ಆದರೂ ಆ ಹಂಗಾಮು ಪೂರ್ತಿ
ಟೀ ಹೊತ್ತಿಗೆ ಇದೇ ಜಗಳ. ನಾನು ಗುಮಾಸ್ತ,
ಔಟ್‌ಟರ್ನ್ ಸ್ಲಿಪ್ಪಿನ ಬೆನ್ನಿಗೆ ತೀರ್ಪು ಬರೆಯುವವ.

ಹನ್ನೆರಡನೆಯವನು ಓರಗೆಯವರ ನಡುವೆ
ನಲವತ್ತು ಗೋಲು ಹೊಡೆದಿದ್ದ.
ಮೂವತ್ತೊಂದನೆಯವನದು ನಾಲ್ಕೇ ನಾಲ್ಕು,
ಆದರೆ ಗಡ್ಡ ಬಂದ ಗಂಡಸರ ತಂಡದಲ್ಲಿ,
ರಾತ್ರಿಗೆ ಆರು ನಿಮಿಷ ಆಟ.

"ನಲವತ್ತು ನಲವತ್ತೇ. ಮೇಲಾಗಿ ಆರಡಿ ಎರಡಂಗುಲ."
"ದಪ್ಪ ಕಾಳು ಎಷ್ಟು ಸಲ ಲೋಟದಲ್ಲಿ ಹುಲ್ಲು ವಾಸನೆ ಹೊಡೆದಿಲ್ಲ?
ಹುರಿಯದೆ ಏನು ಹೇಳ್ತಿ?"
"ಹುರಿದ ಮೇಲೆ ಹೇಳೋಕೆ ನೀನ್ಯಾಕೆ, ಕುಡಿಯೋನೇ ಹೇಳ್ತಾನೆ."
"ಅಲ್ಲಿ ಅಂಗಳ ಅಗಲ ಕಣೋ. ತಿರುಗೋಕೆ ಪುರುಸೊತ್ತು ಇರುತ್ತೆ.
ಇಕ್ಕಟ್ಟಿನಲ್ಲಿ ಬಿಡು, ಆಮೇಲೆ ನೋಡು ನಿನ್ನ ನಲವತ್ತು."

ನಾನು ಕಂಡದ್ದು ಬೇರೆ. ಒಂಬತ್ತನೆಯವನು
ಸೆಪ್ಟೆಂಬರ್ ಹದಿನಾಲ್ಕಕ್ಕೆ ಹುಟ್ಟಿದ್ದ.
ಎರಡು ದಿನ ತಡವಾಗಿದ್ದರೆ ಮುಂದಿನ ವರ್ಷದ ಫಸಲು,
ಅಲ್ಲಿ ಅವನೇ ಮೊದಲನೆಯವನೋ ಏನೋ.
ಹೇಳಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಕರೆಂಟು ಹೋಗಿ ಬೆಲ್ಟು ನಿಂತ ಒಂದು ಮಧ್ಯಾಹ್ನ
ದೇವೀರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು.
ಮೂವತ್ತೊಂದು ವರ್ಷ ಆ ಬೆಲ್ಟಿನ ಮುಂದೆ;
ಪಕ್ಕದವಳ ಜೊತೆ ಮಾತಾಡುತ್ತಲೇ
ಕರೀ ಕಾಳು ಹೆಕ್ಕುವ ಬೆರಳು.

"ನಮ್ಮ ನಿಸರ್ಗನ್ನ ಹಾಸನಕ್ಕೆ ಕರ್ಕೊಂಡು ಹೋಗಿದ್ದೆ,
ಮಗಳ ಮಗಳು. ಹಾಕಿ ಹಾಸ್ಟೆಲ್ಲು.
ಗೋಡೆ ಮೇಲೆ ಒಂದು ಗೀಟು ಎಳೆದಿದ್ರು.
ಗೀಟಿಗೆ ಎರಡು ಬೆರಳು ಕಮ್ಮಿ ಬಂತು.
ಕೋಲು ಕೈಗೆ ಕೊಡಲೇ ಇಲ್ಲ ಸ್ವಾಮಿ.
ಬಸ್ಸಲ್ಲಿ ಬೇಲೂರು ದಾಟೋವರೆಗೂ
ತುದಿಗಾಲಲ್ಲೇ ನಿಂತಿದ್ಲು, ಸೀಟು ಖಾಲಿ ಇದ್ರೂ."

ಲೋಬೊ ಕೈಯಲ್ಲಿ ಹದಿನೇಳನೇ ನಂಬರಿನ ಜರಡಿ.
ಅಲ್ಲಾಡಿಸಲಿಲ್ಲ.
"ವಯಸ್ಸೆಷ್ಟು?"
"ಹತ್ತು."
"ಹತ್ತಕ್ಕೆ ಜರಡಿ ಹಿಡೀಬಾರದು. ಇನ್ನೂ ಹಣ್ಣೇ ಆಗಿಲ್ಲ."
"ಹದಿನೇಳಕ್ಕೆ ಹಿಡೀಬಹುದೋ?" ಹಮೀದಬ್ಬ.
"ಹದಿನೇಳು ಬೇರೆ."
"ಹೆಂಗೆ ಬೇರೆ?"
"ಬೇರೆ ಅಂದ್ರೆ ಬೇರೆ."

ದೇವೀರಮ್ಮ ಹಾಳೆ ಎಳೆದುಕೊಂಡಳು. ಓದು ಬಾರದು.
ಬೆರಳು ಮಾತ್ರ ಮೇಲಿಂದ ಕೆಳಗೆ
ಕಾಳಿನ ಮೇಲೆ ಹರಿದಂತೆ ಹರಿಯಿತು,
ಎಲ್ಲೂ ನಿಲ್ಲಲಿಲ್ಲ.
"ಯಾವುದನ್ನೂ ತೆಗೆಯೋ ಹಂಗಿಲ್ಲವಲ್ಲ," ಅಂದಳು,
ಹೊಗಳಿದಳೋ ಬೇಸರವೋ ತಿಳಿಯಲಿಲ್ಲ.
ಕರೆಂಟು ಬಂತು. ಹೋದಳು.

ಹಂಗಾಮು ಮುಗಿಯಿತು. ಆ ಹುಡುಗರಲ್ಲಿ
ಯಾರು ಎಷ್ಟನೆಯವನಾದನೋ
ಫಿನ್‌ಲೆಂಡಿನವನು ತಿಳಿಸಲಿಲ್ಲ, ನಾವೂ ಕೇಳಲಿಲ್ಲ.
ಮೂವತ್ತೊಂದನೆಯವನನ್ನು ಹನ್ನೆರಡಕ್ಕೆ ಏರಿಸಿ,
ಇಳಿಸಿ, ಮತ್ತೆ ಏರಿಸಿ, ರಬ್ಬರು ಉಜ್ಜಿ ಉಜ್ಜಿ
ಅಲ್ಲಿ ಹಾಳೆ ತೂತಾಗಿತ್ತು.

ಲೋಬೊ ಅದನ್ನು ಬೆಳಕಿಗೆ ಹಿಡಿದು
ಒಂದು ಕಣ್ಣು ಮುಚ್ಚಿ ನೋಡಿದ,
ಹಮೀದಬ್ಬನ ಕಡೆ, ನನ್ನ ಕಡೆ,
ಆಚೆ ಬೆಲ್ಟಿನ ಕಡೆ.
"ಹದಿನೇಳರ ಕಣ್ಣಿಗಿಂತ ದೊಡ್ಡದಾಯ್ತು," ಅಂದ.
"ಇದರಲ್ಲಿ ಎಲ್ಲಾ ಉದುರುತ್ತೆ."