ನಿಂತದ್ದು

ಇಪ್ಪತ್ತೆರಡು ಟೊಮೆಟೊ ಗಿಡ. ಮದ್ದು ಬಿಡಲಿಲ್ಲ.
ಇಪ್ಪತ್ತೊಂದು, ಹಸಿರು ಮಾಸುವ ಮೊದಲೇ ಸೊರಗಿದವು.
ದಂಟು ಕೊಯ್ದು ಗಾಜಿನ ಲೋಟದ ನೀರಿಗಿಳಿಸಿ
ತೋರಿಸಿದರು ಸೆರಫೀನಾ ಬಾಯಿ:
ಹಾಲಿನ ಎಳೆಯಂತೆ ಇಳಿಯುತ್ತಿತ್ತು ರೋಗ.

ಬಾವಿಕಟ್ಟೆಯ ಬದಿಯಲ್ಲಿ ಉಳಿದ ಒಂದಕ್ಕೆ
ಹಳೆ ಸೀರೆಯ ಕೆಂಪು ಅಂಚು ಕಟ್ಟಿ
"ಇದರದ್ದು ಸಾರಿಗಲ್ಲ" ಎಂದರು.
ಗಂಡ ಲಾದ್ರು ದಿನವೂ ಹಣ್ಣು ನೋಡುವರು,
ಉಪ್ಪಿನ ಡಬ್ಬಿಯನ್ನೂ ನೋಡುವರು.

ಮೆತ್ತಗಾಗುವವರೆಗೆ ಕಾದು, ಹಿಂಡಿ, ಜಾಡಿಯಲ್ಲಿಟ್ಟರು.
ಎರಡನೆಯ ದಿನ ನೊರೆ.
ಮೂರನೆಯ ದಿನ ಬಿಳಿ ಬೂಸ್ಟು, ಹುಳಿ ನಾತ,
ಶಿರ್ವದ ಆ ಓಣಿಗೆಲ್ಲ ಶೇಂದಿಯಂಗಡಿಯ ನೆನಪು.
"ಎಂತ ಮೂಗು ಮುಚ್ಚುವುದು?
ಕೊಳೆಯದೆ ಲೋಳೆ ಕಳಚುವುದಿಲ್ಲ ಮಾರಾಯ್ತಿ."

ತೊಳೆದರು. ತೇಲಿದ ಜೊಳ್ಳು ಬಸಳೆಯ ಬುಡಕ್ಕೆ;
ತಳದಲ್ಲಿ ಕೂತದ್ದು ಪಿಂಗಾಣಿ ತಟ್ಟೆಗೆ, ನೆರಳಿಗೆ.
ನಮ್ಮ ಕಡಲ ಗಾಳಿ ಏನನ್ನೂ ಪೂರ್ತಿ ಒಣಗಲು ಬಿಡದು.
ಸೀಸೆಯೊಳಗೆ ಜೊತೆಗೊಂದು
ಹುರಿದ ಕುಚ್ಚಲಕ್ಕಿಯ ಪುಟ್ಟ ಗಂಟು.

ಚೀಟಿಯಲ್ಲಿ ತಳಿಯ ಹೆಸರಿಲ್ಲ.
ಓರೆ ಅಕ್ಷರದಲ್ಲಿ ಇಸವಿ, ಕೆಳಗೆ
"ನಿಂತದ್ದು."

ನನಗೆ ಹತ್ತು ಬೀಜ ಎಣಿಸಿ ಕೊಟ್ಟರು.
ಹನ್ನೊಂದನೆಯದು ಅವರ ಉಗುರಿನ ಸಂದಿಯಲ್ಲಿ ಉಳಿದಿತ್ತು.
ಅದನ್ನೂ ಕೇಳಿ ತಗೊಂಡೆ.