ಮಾದರಿ ಸಂಖ್ಯೆ ನಲವತ್ತೊಂದು

ಡಬ್ಬಿಗೆ ಮೂರು ಸುತ್ತು ಪೇಪರು,
ಮೇಲೊಂದು ಸೀರೆ ಅಂಗಡಿಯ ಕ್ಯಾರಿಬ್ಯಾಗು,
ಅದರ ಮೇಲೆ ಗಂಟು.
ಬಿಚ್ಚುವಷ್ಟರಲ್ಲಿ ನನಗೇ ಬೆವರು.
ಜೈತೂನ್ ಬಿ ಕಣ್ಣು ಕಿಟಕಿಯ ಕಡೆ:
"ಆಟೋದಾಗೆ ಮಿಠಾಯಿ ಅಂತ ಹೇಳೀನ್ರಿ, ಮೇಡಂ."

ಹಿಂದೆ ನಿಂತಿದ್ದಾಳೆ ತಸ್ಲೀಮಾ, ಒಂಬತ್ತು ವರ್ಷ,
ಯೂನಿಫಾರ್ಮಿನ ಬೆಲ್ಟು ಎರಡು ತೂತು ಒಳಗೆ.
ಗಣಿತದ ಪಿರಿಯಡ್ಡಿಗೇ ಸರಿಯಾಗಿ ಹೊಟ್ಟೆನೋವೆಂದು
ಮೇಷ್ಟ್ರು ಇಟ್ಟ ಹೆಸರು, ನಾಟಕ ಕಂಪನಿ.
ಅಜ್ಜಿ ಅಂದದ್ದು, ಬಟ್ಟಿ ಬಿದ್ದೈತೆ.
ಹೊಕ್ಕುಳ ಸುತ್ತ ಎಣ್ಣೆ ತಿಕ್ಕಿ, ಚೊಂಬು ಕವುಚಿ ಎಳೆದು
ಕೂರಿಸಿದಳಂತೆ, ಮೂರು ಶುಕ್ರವಾರ.
ಅಪ್ಪನದು ಇನ್ನೊಂದು ಭಟ್ಟಿ:
ಬೆಳಗಿನ ಜಾವ ಮೂರಕ್ಕೆ ಎದ್ದು
ಸುಡುವ ಮರಳಿನಲ್ಲಿ ಅಕ್ಕಿ ಅರಳಿಸುವುದು.
ದಾವಣಗೆರೆಯ ಮಂಡಕ್ಕಿ ಹಗುರ.
ಈ ಹುಡುಗಿಯೂ.

ಚೀಟಿಯಲ್ಲಿ ಡಾಕ್ಟರ ಗೀಚು:
ಎಚ್. ಪೈಲೋರಿ, ಮಲಪರೀಕ್ಷೆ.
ಕಡ್ಡಿಯ ತುದಿಗೆ ಸಾಸಿವೆಯಷ್ಟು,
ದ್ರಾವಣದಲ್ಲಿ ಕದಡಿ, ಮೂರು ಹನಿ.
ಮೂಗು ಯಾವತ್ತೋ ನನ್ನ ಮಾತು ಕೇಳಲು ಕಲಿತಿದೆ.
ಗಡಿಯಾರಕ್ಕೆ ಹತ್ತು ನಿಮಿಷ.

ಮೊದಲ ಗೆರೆ ಬರಲೇಬೇಕು.
ಬಂದರೆ ಪಟ್ಟಿ ಸರಿಯಿದೆ ಎಂದಷ್ಟೇ ಅರ್ಥ.
ತಾನು ಸುಳ್ಳಲ್ಲವೆಂದು ಮೊದಲು ತೋರಿಸಿ
ಆಮೇಲೆ ಬಾಯಿ ಬಿಡಬೇಕು,
ಈ ಪ್ಲಾಸ್ಟಿಕ್ ತುಂಡು ಕೂಡ.

ಐದನೇ ನಿಮಿಷ, ಏನೂ ಇಲ್ಲ.
ಹೊರಗೆ ಯಾರದೋ ಮಗು ರಕ್ತ ಕೊಡಲೊಲ್ಲೆನೆಂದು ಕಿರುಚುತ್ತಿದೆ.
ಏಳು. ಬಿಳಿಯ ಮೇಲೊಂದು ಅನುಮಾನ.
ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ವಾರೆ ಮಾಡಿ ನೋಡಿದೆ:
ಉಗುರಿನ ಗೀರಿನಷ್ಟು ಗುಲಾಬಿ. ಇದೆ.

ಸಂತೋಷಪಡಬಾರದ ಕಡೆ ಸಂತೋಷವಾಯಿತು ನನಗೆ.

ಕಾಯಿಲೆಯ ಹೆಸರು ಹೇಳುವುದು ಡಾಕ್ಟರ ಕೆಲಸ.
ಆದರೂ ವರದಿ ಕೊಡುವಾಗ ಬಗ್ಗಿ ಅಂದೆ,
"ನಿನ್ನ ನೋವು ನಿಜ ಕಣವ್ವಾ."
ಅವಳು ನಗಲಿಲ್ಲ.
"ಮೇಷ್ಟ್ರಿಗೆ ಬರ್ದು ಕೊಡ್ತೀರಾ?"

ಮೆಟ್ಟಿಲಿಳಿದ ಮೇಲೆ ತಾಯಿ ಒಬ್ಬಳೇ ವಾಪಸು ಬಂದಳು,
ಕ್ಯಾರಿಬ್ಯಾಗು ಮರೆತೆನೆಂದು.
ಮಡಚಿದಳು. ಬಿಚ್ಚಿ, ಮತ್ತೆ ಮಡಚಿದಳು.
"ಉರೀತೈತ್ರಿ, ಇಲ್ಲಿ, ಎದೆಗುಂಡಿ ಕೆಳಗೆ, ರಾತ್ರಿ ಹೊತ್ತು.
ದೊಡ್ಡೋರಿಗೂ ಇರ್ತೈತೇನ್ರಿ ಅದು?"
ಎಷ್ಟು ದಿನದಿಂದ ಅಂದೆ.
"ತಸ್ಲೀಮಾನಷ್ಟು ಇದ್ದಾಗಿಂದ."

ಚೀಟಿಯಿಲ್ಲದೆ ಡಬ್ಬಿ ಕೊಡುವ ಹಾಗಿಲ್ಲ ನಮ್ಮಲ್ಲಿ.
ನಲವತ್ತೆರಡರ ಲೇಬಲ್ಲು
ಬೆರಳಿಗೇ ಅಂಟಿಕೊಂಡಿತ್ತು.